ವಿವರಿಸುವುದನ್ನು ಕಲಿಸುವವರು ಯಾರು?

ಉದ್ಯೋಗದ ಜಾಹೀರಾತುಗಳಲ್ಲಿ, ಕ್ಯಾಂಪಸ್ ಸಂದರ್ಶನದ ಪ್ರಕಟಣೆಗಳಲ್ಲಿ, ಕೌಶಲಾಭಿವೃದ್ಧಿ ಯೋಜನೆಗಳ ಕೈಪಿಡಿಗಳಲ್ಲಿ ‘ಉತ್ತಮ ಸಂವಹನ ಕೌಶಲ ಇರಬೇಕು’ ಎಂಬ ಸಾಲು ಇಲ್ಲದ ಪುಟ ಸಿಗುವುದು ಅಪರೂಪ. ನಮ್ಮ ರಾಜ್ಯದ ತಾಂತ್ರಿಕ ಶಿಕ್ಷಣ ವಲಯದಲ್ಲಿ ಈ ಸಾಲಿಗೆ ಒಂದೇ ಅರ್ಥ ಗಟ್ಟಿಯಾಗಿ ನೆಲೆಯೂರಿದೆ: ತಡವರಿಸದೆ ಇಂಗ್ಲಿಷ್ ಮಾತನಾಡುವುದು. ಮಧ್ಯ ಕರ್ನಾಟಕದ ಪಾಲಿಟೆಕ್ನಿಕ್ಕೊಂದರಲ್ಲಿ ಮೆಕ್ಯಾನಿಕಲ್ ವಿಷಯಗಳನ್ನು ಕಲಿಸುತ್ತಿರುವ ನನಗೆ ಈ ಅರ್ಥವನ್ನು ಒಪ್ಪಿಕೊಳ್ಳುವುದು ವರ್ಷ ಕಳೆದಂತೆ ಕಷ್ಟವಾಗುತ್ತಿದೆ. ಕೆಲಸದ ಜಾಗದಲ್ಲಿ ನಿಜವಾಗಿ ಬೇಕಾಗುವ ಶಕ್ತಿ, ಅಂದರೆ ತನಗೆ ಗೊತ್ತಿರುವ ಒಂದು ವಿಷಯವನ್ನು ಅದು ಗೊತ್ತಿಲ್ಲದವರಿಗೆ ಕ್ರಮವಾಗಿ, ಬಿಟ್ಟುಹೋಗದಂತೆ ವಿವರಿಸುವ ಶಕ್ತಿ, ನಮ್ಮ ಯಾವ ಪಠ್ಯಕ್ರಮದ ಹೊಣೆಯೂ ಆಗಿ ಉಳಿದಿಲ್ಲ ಎಂಬುದು ನನ್ನ ತಕರಾರು. ಕನ್ನಡ ತರಗತಿ ಅದನ್ನು ಕಲಿಸುವುದಿಲ್ಲ, ಇಂಗ್ಲಿಷ್ ತರಗತಿಯೂ ಕಲಿಸುವುದಿಲ್ಲ, ತಾಂತ್ರಿಕ ವಿಷಯದ ಅಧ್ಯಾಪಕರು ಅದು ಭಾಷಾ ಅಧ್ಯಾಪಕರ ಕೆಲಸವೆಂದು ಭಾವಿಸಿದ್ದಾರೆ.

ಪಾಲಿಟೆಕ್ನಿಕ್ಕಿಗೆ ಬರುವ ಮಕ್ಕಳು ಯಾರು ಎಂಬುದನ್ನು ಮೊದಲು ಹೇಳಬೇಕು. ಬಹುಪಾಲು ಮಕ್ಕಳು ಸರ್ಕಾರಿ ಅಥವಾ ಅನುದಾನಿತ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರು. ಕೆಲವರು ಐಟಿಐ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರು. ಮನೆಯ ಮಾತು ಎಲ್ಲರಿಗೂ ಕನ್ನಡವೇ ಆಗಿರುತ್ತದೆ ಎನ್ನುವಂತಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಹೇಳಿಕೊಂಡವರು ಸುಮಾರು ಶೇ. 66ರಷ್ಟು ಮಂದಿ, ಉಳಿದವರ ಮನೆಯಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಮುಂತಾದ ಮಾತುಗಳಿವೆ. ನನ್ನ ತರಗತಿಯಲ್ಲಿ ಉರ್ದು ಮತ್ತು ಲಂಬಾಣಿ ಮನೆಮಾತಿನ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಅವರಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಹಾಗಿದ್ದರೂ ಇವರೆಲ್ಲರೂ ಕೂಡಿ ಆಲೋಚಿಸಲು, ಜಗಳವಾಡಲು, ಸಂದೇಹ ಕೇಳಲು ಬಳಸುವ ಮಾತು ಕನ್ನಡವೇ ಆದ್ದರಿಂದ ನಾನು ಇಲ್ಲಿ ಕನ್ನಡವೆಂದಾಗ ಆ ಹಂಚಿಕೊಂಡ ಮಾತನ್ನೇ ಉದ್ದೇಶಿಸಿದ್ದೇನೆ.

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದಕ್ಕೆ ಮೊದಲು ಅದು ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡಲೆಂದೇ ಬೆಂಗಳೂರಿನಲ್ಲಿ 1963ರಷ್ಟು ಹಿಂದೆಯೇ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿದೆ. ಅಂದರೆ ಈಗ ಡಿಪ್ಲೊಮಾಗೆ ಸೇರುವ ವಿದ್ಯಾರ್ಥಿ ಹತ್ತು ವರ್ಷ ಇಂಗ್ಲಿಷ್ ಕಲಿತು ಬಂದಿರುತ್ತಾನೆ. ಆದರೆ ಆ ಹತ್ತು ವರ್ಷಗಳಲ್ಲಿ ಅವನು ಇಂಗ್ಲಿಷಿನಲ್ಲಿ ಯಾರಿಗಾದರೂ ಏನನ್ನಾದರೂ ತಿಳಿಸಬೇಕಾದ ಸಂದರ್ಭ ಒಮ್ಮೆಯೂ ಒದಗಿರುವುದಿಲ್ಲ. ಪಾಠದ ಕೊನೆಯ ಪ್ರಶ್ನೆಗೆ ಗೈಡಿನಲ್ಲಿರುವ ಉತ್ತರ, ಬಾಯಿಪಾಠ ಮಾಡಿದ ಪತ್ರ, ಬಾಯಿಪಾಠ ಮಾಡಿದ ಪ್ರಬಂಧ, ಇವಿಷ್ಟೇ ಅವನಿಗೂ ಆ ಭಾಷೆಗೂ ಇರುವ ನಂಟು. ಇದಕ್ಕೆ ಶಿಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ಅಂತಿಮ ಪರೀಕ್ಷೆ ಮಾತನ್ನು ಅಳೆಯುವುದಿಲ್ಲವೆಂದ ಮೇಲೆ ತುಂಬಿದ ತರಗತಿಯಲ್ಲಿ ಮಾತನಾಡಿಸಲು ಯಾರಿಗೆ ಪುರಸೊತ್ತು?

ಇಂಥ ವಿದ್ಯಾರ್ಥಿ ಅಂತಿಮ ವರ್ಷಕ್ಕೆ ಬಂದಾಗ ಅವನಿಗೆ ಸಂವಹನ ತರಬೇತಿ ಎಂಬ ಹೆಸರಿನಲ್ಲಿ ಕೆಲವು ದಿನಗಳ ಕಾರ್ಯಕ್ರಮ ನಡೆಯುತ್ತದೆ. ತನ್ನನ್ನು ತಾನು ಪರಿಚಯಿಸಿಕೊಳ್ಳುವ ಒಂದೂವರೆ ನಿಮಿಷದ ಇಂಗ್ಲಿಷ್ ಭಾಷಣವನ್ನು ಅಲ್ಲಿ ಕಲಿಸುತ್ತಾರೆ. ಹೆಸರು, ಊರು, ತಂದೆಯ ಕಸುಬು, ಹವ್ಯಾಸ, ತನ್ನ ಬಲ, ತನ್ನ ದೌರ್ಬಲ್ಯ, ಐದು ವರ್ಷಗಳ ನಂತರ ತಾನು ಎಲ್ಲಿರಬೇಕೆಂಬ ಆಸೆ, ಎಲ್ಲವೂ ಅದೇ ಕ್ರಮದಲ್ಲಿ, ಅದೇ ವಾಕ್ಯಗಳಲ್ಲಿ. ಇಡೀ ತರಗತಿಯ ಬಲ ಕಠಿಣ ಪರಿಶ್ರಮವೇ ಆಗಿರುತ್ತದೆ, ಇಡೀ ತರಗತಿಯ ದೌರ್ಬಲ್ಯ ಇತರರನ್ನು ಬೇಗ ನಂಬುವುದೇ ಆಗಿರುತ್ತದೆ. ಸಂದರ್ಶಕರು ಆ ಭಾಷಣದ ನಡುವೆ ಒಂದು ಸಣ್ಣ ಪ್ರಶ್ನೆ ಕೇಳಿದರೆ ಸಾಕು, ಹುಡುಗ ನಿಂತುಬಿಡುತ್ತಾನೆ. ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ವರ್ಕ್‌ಶಾಪಿನಲ್ಲಿ ಹಾಳಾದ ಗೇರ್‌ಬಾಕ್ಸನ್ನು ಬಿಚ್ಚಿ ಎಲ್ಲಿ ಬೇರಿಂಗ್ ಹೋಗಿದೆ ಎಂದು ತೋರಿಸುವ ಹುಡುಗನೇ ಹೀಗೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡುವುದು ಕಲಿಸಿದವರಿಗೆ ಬಹಳ ನೋವಿನ ವಿಷಯ.

ಕೆಲಸದ ಜಾಗದಲ್ಲಿ ಯಾವ ಭಾಷೆ ಎಲ್ಲಿ ಬಳಕೆಯಾಗುತ್ತದೆ ಎಂಬುದನ್ನು ತಿಳಿಯದೆ ಈ ತರಬೇತಿಯನ್ನು ರೂಪಿಸಲಾಗಿದೆ ಎಂದು ನನಗೆ ಅನ್ನಿಸಿದ್ದು ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ನೋಡಲು ಕಾರ್ಖಾನೆಗಳಿಗೆ ಹೋಗತೊಡಗಿದ ಮೇಲೆ. ಹೊಸ ಪಠ್ಯಕ್ರಮದಲ್ಲಿ ಡಿಪ್ಲೊಮಾದ ಕೊನೆಯ ಸೆಮಿಸ್ಟರನ್ನು ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್‌ಗೆ ಮೀಸಲಿಟ್ಟಿರುವುದು ನನ್ನ ದೃಷ್ಟಿಯಲ್ಲಿ ಇತ್ತೀಚಿನ ಅತ್ಯುತ್ತಮ ಬದಲಾವಣೆಗಳಲ್ಲಿ ಒಂದು. ಪೀಣ್ಯದ ಸಣ್ಣ ಘಟಕಗಳಿರಲಿ, ಬಿಡದಿ ಮತ್ತು ನರಸಾಪುರದ ದೊಡ್ಡ ಕಾರ್ಖಾನೆಗಳಿರಲಿ, ಯಂತ್ರದ ಬದಿಯಲ್ಲಿ ನಿಂತವರ ಮಾತು ಕನ್ನಡ, ತಮಿಳು, ತೆಲುಗುಗಳ ಜೊತೆಗೆ ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರ ಹಿಂದಿಯೂ ಬೆರೆತ ಒಂದು ಬಳಕೆಯ ಮಾತು. ಜಾಬ್, ಸೆಟ್ಟಿಂಗ್, ಆಫ್‌ಸೆಟ್, ರಿಜೆಕ್ಷನ್, ಶಿಫ್ಟ್ ಎಂಬ ಪದಗಳು ಎಲ್ಲ ಭಾಷೆಗಳಲ್ಲಿಯೂ ಹಾಗೆಯೇ ನಡೆಯುತ್ತವೆ. ಇಂಗ್ಲಿಷ್ ಇರುವುದು ಡ್ರಾಯಿಂಗಿನ ಮೇಲೆ, ಯಂತ್ರದ ಪರದೆಯ ಮೇಲೆ, ಕೆಲಸದ ಕ್ರಮವನ್ನು ಬರೆದು ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ, ಗುಣಮಟ್ಟ ವಿಭಾಗದ ನಮೂನೆಗಳಲ್ಲಿ ಮತ್ತು ಇಮೇಲುಗಳಲ್ಲಿ. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗನಿಗೆ ಇಂಗ್ಲಿಷನ್ನು ಓದಿ ತಪ್ಪಿಲ್ಲದೆ ಅರ್ಥಮಾಡಿಕೊಳ್ಳುವುದು ಮೊದಲ ದಿನದಿಂದಲೇ ಬೇಕು. ಚಿಕ್ಕ ವಾಕ್ಯಗಳಲ್ಲಿ ಬರೆಯುವುದು ಕೆಲವೇ ತಿಂಗಳುಗಳಲ್ಲಿ ಬೇಕು. ನಿರರ್ಗಳವಾಗಿ ಮಾತನಾಡುವುದು ಬೇಕಾಗುವುದು ಅವನು ಮೇಲಿನ ಹುದ್ದೆಗೆ ಹೋಗಿ ಹೊರರಾಜ್ಯದ ಅಥವಾ ಹೊರದೇಶದ ಗ್ರಾಹಕರೊಡನೆ ವ್ಯವಹರಿಸುವಾಗ. ನಮ್ಮ ತರಬೇತಿ ಈ ಕ್ರಮವನ್ನು ಪೂರ್ತಿ ತಿರುವುಮುರುವು ಮಾಡಿ, ಕೊನೆಗೆ ಬೇಕಾದದ್ದನ್ನು ಮೊದಲು ಕಲಿಸಲು ಹೊರಟು ಯಾವುದನ್ನೂ ಕಲಿಸದೆ ಮುಗಿಯುತ್ತದೆ.

ಶಿಫ್ಟ್ ಬದಲಾಗುವ ಹೊತ್ತಿನ ಪುಸ್ತಕವನ್ನೇ ತೆಗೆದುಕೊಳ್ಳೋಣ. ರಾತ್ರಿ ಪಾಳಿಯವನು ಹೋಗುವ ಮುನ್ನ ಬೆಳಗಿನ ಪಾಳಿಯವನಿಗೆ ಯಂತ್ರದ ಸ್ಥಿತಿಯನ್ನು ತಿಳಿಸಬೇಕು. ‘ಮಷೀನ್ ಸ್ವಲ್ಪ ಪ್ರಾಬ್ಲಂ ಇದೆ, ನೋಡಿಕೊಳ್ಳಿ’ ಎಂದು ಬರೆದು ಹೋದರೆ ಏನೂ ತಿಳಿಸಿದಂತಾಗಲಿಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು (ಬೋರ್ ಎಂದರೆ ಕೊರೆದ ರಂಧ್ರ, ಇನ್ಸರ್ಟ್ ಎಂದರೆ ಕತ್ತರಿಸುವ ಉಪಕರಣದ ಬದಲಿಸಬಹುದಾದ ತುದಿ, ಆಫ್‌ಸೆಟ್ ಎಂದರೆ ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ, ಜಾಬ್ ಎಂದರೆ ತಯಾರಾಗುವ ಬಿಡಿಭಾಗ, ಕೂಲೆಂಟ್ ಎಂದರೆ ತಂಪಾಗಿಸುವ ದ್ರವ): ‘25 ಮಿ.ಮೀ. ಬೋರ್, ಮೇಲಿನ ಮಿತಿ 25.021, ಕೆಳಗಿನ ಮಿತಿ 25.000. ಪಾಳಿಯ ಆರಂಭದಲ್ಲಿ ಅಳತೆ 25.015 ಬರುತ್ತಿತ್ತು. ನಿಧಾನವಾಗಿ ಇಳಿದು 2 ಗಂಟೆಗೆ 25.004 ಆಯಿತು. ಇನ್ಸರ್ಟ್ ಸವೆದಿತ್ತು, ಬದಲಿಸಿ ಆಫ್‌ಸೆಟ್ ಸರಿಪಡಿಸಿದೆ. ಆಮೇಲಿನ 5 ಜಾಬ್ 25.012ರ ಆಸುಪಾಸಿನಲ್ಲಿವೆ. ಇನ್ಸರ್ಟ್ ಮೊದಲಿಗಿಂತ ಬೇಗ ಸವೆಯುತ್ತಿದೆ, ಕೂಲೆಂಟ್ ಹರಿವು ಕಡಿಮೆಯಾಗಿರಬಹುದೆಂಬ ಅನುಮಾನವಿದೆ, ಪರೀಕ್ಷಿಸಬೇಕು.’ ಇಲ್ಲಿ ನಡೆದದ್ದು, ಕಂಡದ್ದು, ಮಾಡಿದ್ದು, ಊಹಿಸಿದ್ದು, ಮುಂದೆ ಮಾಡಬೇಕಾದದ್ದು ಎಲ್ಲವೂ ಬೇರೆಬೇರೆಯಾಗಿ ನಿಂತಿವೆ. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಗೆರೆಯನ್ನು ಉಳಿಸಿಕೊಂಡಿರುವುದೇ ಈ ಬರಹದ ದೊಡ್ಡ ಗುಣ. ಇದನ್ನು ಕನ್ನಡದಲ್ಲಿ ಹೀಗೆ ಬರೆಯಬಲ್ಲ ಹುಡುಗನಿಗೆ ಇಂಗ್ಲಿಷಿನಲ್ಲಿ ಬರೆಯಲು ಬೇಕಾಗುವ ಪದಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಅವನ ಕನ್ನಡದಲ್ಲಿಯೇ ಆಗಲೇ ಇವೆ. ಕನ್ನಡದಲ್ಲಿಯೇ ಹೀಗೆ ಬರೆಯಲಾರದವನಿಗೆ ಎಷ್ಟು ವ್ಯಾಕರಣ ಕಲಿಸಿದರೂ ಇಂಗ್ಲಿಷಿನಲ್ಲಿ ಇದು ಬರುವುದಿಲ್ಲ.

ಮಾತಿನ ಮೇಲೆಯೇ ಪ್ರಾಣ ನಿಂತಿರುವ ವೃತ್ತಿಗಳು ಈ ವಿಷಯವನ್ನು ನಮಗಿಂತ ಬಹಳ ಗಂಭೀರವಾಗಿ ಯೋಚಿಸಿವೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಆವಿಯಾಂಕಾ 52 ವಿಮಾನ ಇಂಧನ ಮುಗಿದು ನೆಲಕ್ಕಪ್ಪಳಿಸಿ 73 ಮಂದಿ ಸತ್ತರು. ಕೆಟ್ಟ ಹವೆಯಿಂದಾಗಿ ವಿಮಾನವನ್ನು ಬಹಳ ಹೊತ್ತು ಆಕಾಶದಲ್ಲಿಯೇ ಕಾಯಿಸಲಾಗಿತ್ತು. ಇಂಧನ ಮುಗಿಯುತ್ತಿದೆ ಎಂಬ ಮಾತನ್ನು ಸಿಬ್ಬಂದಿ ನಿಯಂತ್ರಣ ಕೊಠಡಿಗೆ ಇಂಗ್ಲಿಷಿನಲ್ಲಿಯೇ ಹೇಳಿದ್ದರು. ಆದರೆ ಇದು ತುರ್ತುಸ್ಥಿತಿ ಎಂದು ವಿಧಿಬದ್ಧವಾಗಿ ಘೋಷಿಸಲಿಲ್ಲ. ಕೇಳಿಸಿಕೊಂಡವರಿಗೆ ವಿಷಯದ ತೀವ್ರತೆ ಮುಟ್ಟಲಿಲ್ಲ. ಇಂಥ ಅಪಘಾತಗಳ ಅನುಭವದಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್ ಮತ್ತು ನಿಯಂತ್ರಕರಿಗೆ 6 ಹಂತಗಳ ಭಾಷಾ ಮಾನದಂಡವನ್ನು ರೂಪಿಸಿ, 4ನೆಯ ಹಂತವನ್ನು ಕನಿಷ್ಠವೆಂದು 2008ರಿಂದ ಅನ್ವಯಿಸಿತು. ಆ ಮಾನದಂಡ ಅಳೆಯುವುದು ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ಸರಾಗತೆ, ಗ್ರಹಿಕೆ ಮತ್ತು ಪರಸ್ಪರ ಸ್ಪಂದನ ಎಂಬ ಆರು ಅಂಶಗಳನ್ನು. ಉಚ್ಚಾರಣೆಯಲ್ಲಿ ತಾಯ್ನುಡಿಯ ಛಾಯೆ ಇದ್ದರೂ ಅಡ್ಡಿಯಿಲ್ಲ, ಅದು ಅರ್ಥವಾಗುವುದಕ್ಕೆ ತೀರಾ ತೊಡಕಾಗದಿದ್ದರೆ ಸಾಕು. ಆದರೆ ಅನುಮಾನ ಬಂದಾಗ ಮರುಪ್ರಶ್ನಿಸಿ ಖಚಿತಪಡಿಸಿಕೊಳ್ಳುವುದು ಕಡ್ಡಾಯವಾಗಿ ಬರಬೇಕು. ನೂರಾರು ಜನರ ಜೀವ ಇಂಗ್ಲಿಷಿನ ಮೇಲೆ ನಿಂತಿರುವ ವೃತ್ತಿಯೇ ಇಷ್ಟು ವಿವೇಕದಿಂದ ಅಳತೆಗೋಲನ್ನು ರೂಪಿಸಿಕೊಂಡಿರುವಾಗ, ಯಂತ್ರ ನಿರ್ವಾಹಕನ ಹುದ್ದೆಗೆ ಬಂದ ಹುಡುಗನನ್ನು ಉಚ್ಚಾರಣೆಯ ಕಾರಣಕ್ಕೆ ತಿರಸ್ಕರಿಸುವುದನ್ನು ನಾವು ಯಾವ ಆಧಾರದ ಮೇಲೆ ಸಮರ್ಥಿಸಬಲ್ಲೆವು?

ಆಸ್ಪತ್ರೆಗಳ ಉದಾಹರಣೆಯೂ ಇದೆ. ರೋಗಿಯ ಸ್ಥಿತಿಯನ್ನು ನರ್ಸ್ ವೈದ್ಯರಿಗೆ ತಿಳಿಸುವಾಗ ಪರಿಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ತನ್ನ ಸಲಹೆ ಎಂಬ ನಾಲ್ಕು ಭಾಗಗಳಲ್ಲಿ ಹೇಳುವ ಕ್ರಮವೊಂದು ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿ ರೂಢಿಯಾಗಿ ಅಲ್ಲಿಂದ ಆಸ್ಪತ್ರೆಗಳಿಗೆ ಬಂದ ಕ್ರಮ ಇದು. ಕೊನೆಯ ಎರಡು ಭಾಗಗಳು ನನಗೆ ವಿಶೇಷವಾಗಿ ಹಿಡಿಸುತ್ತವೆ, ಏಕೆಂದರೆ ಹುದ್ದೆಯಲ್ಲಿ ಕೆಳಗಿರುವವರು ಮೇಲಿನವರಿಗೆ ತಮ್ಮ ಅಭಿಪ್ರಾಯವನ್ನು ಹೇಳುವ ಹಕ್ಕನ್ನು, ಹಕ್ಕಿಗಿಂತ ಹೆಚ್ಚಾಗಿ ಕರ್ತವ್ಯವನ್ನು, ಅವು ಮಾತಿನ ಚೌಕಟ್ಟಿನೊಳಗೇ ಇಟ್ಟಿವೆ.

ಕನ್ನಡ ತರಗತಿಯ ವಿಷಯಕ್ಕೆ ಬರುತ್ತೇನೆ. ಕನ್ನಡಪರ ಮನಸ್ಸಿನವರು ಈ ಭಾಗವನ್ನು ಬೇಸರವಿಲ್ಲದೆ ಓದಬೇಕೆಂದು ಕೋರುತ್ತೇನೆ, ಏಕೆಂದರೆ ನಾನೂ ಅವರಲ್ಲೊಬ್ಬ. 1980ರ ದಶಕದ ಆರಂಭದ ಗೋಕಾಕ್ ವರದಿ ಮತ್ತು ಅದರ ಹಿಂದೆ ನಡೆದ ಚಳವಳಿಯ ಫಲವಾಗಿ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಗೌರವ ದೊರೆಯಿತು. ಎಸ್‌ಎಸ್‌ಎಲ್‌ಸಿಯಲ್ಲಿ ಉಳಿದ ವಿಷಯಗಳಿಗೆ 100 ಅಂಕಗಳಿದ್ದಾಗ ಪ್ರಥಮ ಭಾಷೆಗೆ 125 ಅಂಕಗಳನ್ನು ಕೊಡಲಾಯಿತು. ಆದರೆ ಆ ಅಂಕಗಳೊಳಗೆ ಏನನ್ನು ಕಲಿಸಿದೆವು? ಗದ್ಯ, ಪದ್ಯ, ಕವಿ ಪರಿಚಯ, ಸಂಧಿ, ಸಮಾಸ, ಛಂದಸ್ಸು, ಅಲಂಕಾರ, ಗಾದೆ ವಿಸ್ತರಣೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಹಳಗನ್ನಡದ ಒಂದು ಪದ್ಯವನ್ನು ಬಾಯ್ತುಂಬ ಹೇಳಬಲ್ಲ ವಿದ್ಯಾರ್ಥಿಯನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಆದರೆ ಪಂಪ್‌ಸೆಟ್ ಹೇಗೆ ನೀರೆತ್ತುತ್ತದೆ ಎಂಬುದನ್ನು ಹತ್ತು ವಾಕ್ಯಗಳಲ್ಲಿ ಹೇಳುವ, ಎರಡು ಕೀಟನಾಶಕಗಳ ನಡುವಿನ ವ್ಯತ್ಯಾಸವನ್ನು ಬರೆಯುವ, ಗ್ರಾಮ ಪಂಚಾಯಿತಿಯ ಲೆಕ್ಕದ ಹಾಳೆಯನ್ನು ಓದಿ ಅದರಲ್ಲಿರುವ ಸಂಗತಿಯನ್ನು ತನ್ನ ಮಾತಿನಲ್ಲಿ ತಿಳಿಸುವ ಅಭ್ಯಾಸ ಕನ್ನಡ ತರಗತಿಯಲ್ಲಿ ಎಲ್ಲಿದೆ? ಕನ್ನಡವನ್ನು ಸಾಹಿತ್ಯದ ಭಾಷೆಯೆಂದೂ ಇಂಗ್ಲಿಷನ್ನು ಕೆಲಸದ ಭಾಷೆಯೆಂದೂ ನಾವೇ ಪಾಲು ಹಂಚಿಟ್ಟೆವು. ವಿವರಣೆಯ ಗದ್ಯ ಈ ಎರಡು ಪಾಲುಗಳಲ್ಲಿ ಯಾವುದಕ್ಕೂ ಸೇರದೆ ಹೊರಗುಳಿಯಿತು.

ಹೀಗೆ ಹಂಚುವುದಕ್ಕೆ ನಮ್ಮ ಪರಂಪರೆಯಲ್ಲಿ ಯಾವ ಕಾರಣವೂ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿಯೇ ಕನ್ನಡದಲ್ಲಿ ವಿಜ್ಞಾನ ಪತ್ರಿಕೆಯೊಂದನ್ನು ಆರಂಭಿಸಿದ್ದರು. ಆ ಪತ್ರಿಕೆ ಬಹುಕಾಲ ನಡೆಯಲಿಲ್ಲವಾದರೂ ಯಂತ್ರ, ರೋಗ, ಗ್ರಹ, ಗೊಬ್ಬರಗಳನ್ನು ಕನ್ನಡದಲ್ಲಿ ವಿವರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಉತ್ತರ ದೊರೆತಿತ್ತು. ಅದನ್ನು ಶಾಲೆಯ ದಿನನಿತ್ಯದ ಅಭ್ಯಾಸವಾಗಿ ಮಾಡುವ ಕೆಲಸ ಮಾತ್ರ ಹಿಂದುಳಿಯಿತು.

ಒಂದು ಭಾಷೆಯಲ್ಲಿ ಗಳಿಸಿದ ಸಾಮರ್ಥ್ಯ ಇನ್ನೊಂದು ಭಾಷೆಗೆ ದಾಟುತ್ತದೆ ಎಂಬುದಕ್ಕೆ ಶಿಕ್ಷಣಶಾಸ್ತ್ರದ ಬಲವೂ ಇದೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ದಿನನಿತ್ಯದ ಮಾತುಕತೆಯ ಭಾಷಾಶಕ್ತಿಯನ್ನೂ ಓದು, ತರ್ಕ, ವಿವರಣೆಗಳಿಗೆ ಬೇಕಾದ ಭಾಷಾಶಕ್ತಿಯನ್ನೂ ಬೇರೆಬೇರೆಯಾಗಿ ನೋಡಬೇಕೆಂದು ತೋರಿಸಿದರು. ವಲಸೆ ಬಂದ ಮಕ್ಕಳು ಮೊದಲನೆಯದನ್ನು ಸುಮಾರು 2 ವರ್ಷಗಳಲ್ಲಿ ಗಳಿಸಿಕೊಳ್ಳುತ್ತಾರೆ, ಎರಡನೆಯದಕ್ಕೆ 5ರಿಂದ 7 ವರ್ಷಗಳಾದರೂ ಬೇಕು ಎಂಬುದು ಅವರ ಅಧ್ಯಯನಗಳ ಸಾರ. ಎರಡನೆಯ ಬಗೆಯ ಶಕ್ತಿಗೆ ಎಲ್ಲ ಭಾಷೆಗಳಲ್ಲಿಯೂ ತಳಹದಿ ಒಂದೇ, ಆದ್ದರಿಂದ ಮೊದಲ ಭಾಷೆಯಲ್ಲಿ ಅದು ಗಟ್ಟಿಯಾದಷ್ಟೂ ಎರಡನೆಯ ಭಾಷೆಗೆ ಅನುಕೂಲ ಎಂದು ಅವರು ವಾದಿಸಿದರು. ನಮ್ಮ ಮಕ್ಕಳು ವಲಸೆ ಬಂದವರಲ್ಲ, ಅವರ ಸುತ್ತ ಇಂಗ್ಲಿಷ್ ಮಾತನಾಡುವ ಊರೂ ಇಲ್ಲ; ಹಾಗಾಗಿ ಆ ವರ್ಷಗಳ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೆ ತಳಹದಿಯ ಮಾತು ನಮ್ಮ ತರಗತಿಗಳಿಗೂ ಹೊಂದುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಲ್ಯಾಬಿನಲ್ಲಿ ನಡೆಸುವ ಒಂದು ಅಭ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇರೆ ಅಧ್ಯಾಪಕರು ಬಳಸಿಕೊಳ್ಳಬಹುದೆಂಬ ಆಸೆಯಿಂದ. ಇಬ್ಬರು ವಿದ್ಯಾರ್ಥಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತೇನೆ. ಒಬ್ಬನ ಕೈಯಲ್ಲಿ ಒಂದು ಸಣ್ಣ ಬಿಡಿಭಾಗವಿರುತ್ತದೆ: ಫ್ಲ್ಯಾಂಜ್, ಬುಷ್, ಬ್ರ್ಯಾಕೆಟ್ ಇಂಥ ಯಾವುದಾದರೂ. ಇನ್ನೊಬ್ಬನ ಕೈಯಲ್ಲಿ ಖಾಲಿ ಹಾಳೆ ಮತ್ತು ಪೆನ್ಸಿಲ್. ಮೊದಲಿನವನು ಅದನ್ನು ಮಾತಿನಲ್ಲಿಯೇ ವಿವರಿಸಬೇಕು, ಎರಡನೆಯವನು ಕೇಳಿಸಿಕೊಂಡು ಚಿತ್ರ ಬರೆಯಬೇಕು, ಬೇಕಾದಷ್ಟು ಪ್ರಶ್ನೆ ಕೇಳಬಹುದು. ಆರಂಭದಲ್ಲಿ ಕನ್ನಡದಲ್ಲಿ ಮಾತ್ರ. ಮೊದಮೊದಲು ಬರುವ ವಿವರಣೆ ಹೀಗಿರುತ್ತದೆ: ‘ದುಂಡಗಿದೆ, ಮಧ್ಯೆ ತೂತಿದೆ, ಸುತ್ತಲೂ ಚಿಕ್ಕ ತೂತುಗಳಿವೆ, ಒಂದು ಕಡೆ ಉದ್ದವಾಗಿದೆ.’ ಎಷ್ಟು ದೊಡ್ಡದು, ಎಷ್ಟು ತೂತು, ಒಂದಕ್ಕೊಂದು ಎಷ್ಟು ದೂರ, ಉದ್ದವಾಗಿರುವುದು ಯಾವ ಕಡೆಗೆ, ಒಂದೂ ಇರುವುದಿಲ್ಲ. ಬರೆದವನ ಹಾಳೆಯನ್ನು ತೋರಿಸಿದಾಗ ಇಬ್ಬರಿಗೂ ನಗು ಬರುತ್ತದೆ, ಆಮೇಲೆ ಇಬ್ಬರೂ ಯೋಚಿಸತೊಡಗುತ್ತಾರೆ. ಕೆಲವು ವಾರಗಳಲ್ಲಿ ಮೊದಲು ಒಟ್ಟು ಆಕಾರ, ಆಮೇಲೆ ಹೊರ ಅಳತೆ, ಆಮೇಲೆ ಎಲ್ಲಿಂದ ಅಳೆಯಬೇಕೆಂಬ ಆಧಾರ, ಕೊನೆಗೆ ಸಣ್ಣ ವಿವರಗಳು ಎಂಬ ಕ್ರಮವನ್ನು ಅವರೇ ಕಂಡುಕೊಳ್ಳುತ್ತಾರೆ. ಈ ಕ್ರಮವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ಕೊಟ್ಟಿದ್ದರೆ ಅದೂ ಬಾಯಿಪಾಠವಾಗಿಬಿಡುತ್ತಿತ್ತು. ಅದೇ ವಿದ್ಯಾರ್ಥಿಗಳು ಅದೇ ಬಿಡಿಭಾಗವನ್ನು ಇಂಗ್ಲಿಷಿನಲ್ಲಿ ವಿವರಿಸತೊಡಗುವುದು ಎರಡನೆಯ ಹಂತದಲ್ಲಿ. ಆಗ ಅವರ ವಾಕ್ಯಗಳು ಚಿಕ್ಕವಾಗಿರುತ್ತವೆ, ಕ್ರಿಯಾಪದ ತಪ್ಪುತ್ತದೆ, ಆದರೆ ಚಿತ್ರ ಸರಿಯಾಗಿ ಬರುತ್ತದೆ. ಹೇಳುವುದಕ್ಕೆ ಏನಾದರೂ ಇದ್ದಾಗ ಇಂಗ್ಲಿಷಿನ ಭಯ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ಈ ಅಭ್ಯಾಸದಿಂದ ನನಗೆ ಮನದಟ್ಟಾಗಿರುವ ಸಂಗತಿ.

ಈ ಅಭ್ಯಾಸದಲ್ಲಿ ಕಷ್ಟವಾಗುವುದು ವಿವರಿಸುವವನಿಗಿಂತ ಕೇಳಿಸಿಕೊಳ್ಳುವವನಿಗೆ. ಪ್ರಶ್ನೆ ಕೇಳಲು ಅವನಿಗೆ ಅನುಮತಿ ಇದೆ, ಆದರೂ ಕೇಳುವುದಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸಿ ಏನೋ ಒಂದನ್ನು ಬರೆಯುತ್ತಾನೆ. ಇದು ಭಾಷೆಯ ಕೊರತೆಯಿಂದ ಬಂದದ್ದಲ್ಲ. ಹತ್ತು ವರ್ಷ ಶಾಲೆಯಲ್ಲಿ ಸುಮ್ಮನೆ ಕುಳಿತವನೇ ಒಳ್ಳೆಯ ಹುಡುಗ ಎನಿಸಿಕೊಂಡು ಬಂದಿರುವಾಗ, ಎದುರು ಪ್ರಶ್ನೆ ಕೇಳಿದರೆ ‘ಎದುರು ಮಾತಾಡ್ತೀಯಾ’ ಎಂಬ ಗದರಿಕೆಯನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳಿಕೊಂಡು ಬೆಳೆದಿರುವಾಗ, ಕಾರ್ಖಾನೆಗೆ ಹೋದ ಮೊದಲ ದಿನ ಅವನು ಸೂಪರ್‌ವೈಸರನ್ನು ತಡೆದು ‘ಸರ್, ಈ ಅಳತೆ ನನಗೆ ಅರ್ಥವಾಗಲಿಲ್ಲ’ ಎಂದು ಹೇಳುತ್ತಾನೆಂದು ನಿರೀಕ್ಷಿಸುವುದು ಹೇಗೆ? ಹೆಣ್ಣುಮಕ್ಕಳಿಗೆ ಈ ಅಂಕುಶ ಇನ್ನೂ ಬಿಗಿಯಾದದ್ದು. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ದಾಟಿದ, ಊರಿನಲ್ಲಿ ದೊಡ್ಡವರೆದುರು ತಲೆತಗ್ಗಿಸಿ ನಿಲ್ಲುವುದನ್ನೇ ರೂಢಿಯಾಗಿ ಕಲಿತ ಸಮುದಾಯಗಳ ಮಕ್ಕಳಿಗೆ ಅದು ಎಷ್ಟು ಆಳದಲ್ಲಿರುತ್ತದೆ ಎಂಬುದನ್ನು ಹೊರಗಿನ ತರಬೇತುದಾರರು ಎರಡು ದಿನಗಳಲ್ಲಿ ತಿಳಿಯಲಾರರು. ಕಲಬುರಗಿ, ರಾಯಚೂರು ಕಡೆಯಿಂದ ಬಂದ ಮಕ್ಕಳು ತಮ್ಮ ಸಹಜವಾದ ಕನ್ನಡದಲ್ಲಿ ಮಾತನಾಡಿದಾಗ ಸಹಪಾಠಿಗಳೇ ನಕ್ಕರೆ ಅವರು ಕನ್ನಡದಲ್ಲಿಯೂ ಮೌನವಾಗುತ್ತಾರೆ. ಆ ನಗುವನ್ನು ತಡೆಯುವುದು ತರಗತಿಯಲ್ಲಿರುವ ಅಧ್ಯಾಪಕರ ಮೊದಲ ಕೆಲಸವೆಂದು ನಾನು ತಿಳಿದಿದ್ದೇನೆ. ಬಾಯಿ ತೆರೆದರೆ ಅವಮಾನವಾಗುವುದಿಲ್ಲ ಎಂಬ ಭರವಸೆ ಮೂಡುವವರೆಗೂ ಯಾವ ಭಾಷೆಯ ಯಾವ ಪಾಠವೂ ನೆಲೆ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಇಂಗ್ಲಿಷ್ ಬೇಡವೆಂಬುದು ನನ್ನ ಮಾತೆಂದು ಯಾರೂ ತಿಳಿಯಬಾರದು. ಇಂಗ್ಲಿಷ್ ಬಾರದಿದ್ದರೆ ಯಂತ್ರದ ಕೈಪಿಡಿ ಓದಲಾಗದು, ಮೇಲಿನ ಓದಿಗೆ ಹೋಗಲಾಗದು, ಹುದ್ದೆಯಲ್ಲಿ ಒಂದು ಮಟ್ಟದಿಂದ ಮೇಲೇರಲಾಗದು. ತಂದೆತಾಯಂದಿರಿಗೆ ಇದು ಗೊತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ರಾಜ್ಯ ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಒಪ್ಪಲಿಲ್ಲ. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಮುಂದಾಯಿತು. ಬಡವರ ಮಕ್ಕಳಿಗೂ ಇಂಗ್ಲಿಷ್ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಹೀಗಳೆಯುವ ಅಧಿಕಾರ ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿದ ನಮ್ಮಂಥವರಿಗಿಲ್ಲ. ನನ್ನ ಕಳವಳ ಬೇರೆ. ಕನ್ನಡದಲ್ಲಿಯೂ ವಿವರಿಸಲಾರದ, ಇಂಗ್ಲಿಷಿನಲ್ಲಿಯೂ ವಿವರಿಸಲಾರದ, ಎರಡರಲ್ಲಿಯೂ ಕಂಠಪಾಠವನ್ನಷ್ಟೇ ಒಪ್ಪಿಸಬಲ್ಲ ಮಕ್ಕಳನ್ನು ನಾವು ದೊಡ್ಡ ಸಂಖ್ಯೆಯಲ್ಲಿ ಹೊರಗೆ ಕಳಿಸುತ್ತಿದ್ದೇವೆ, ಮಾಧ್ಯಮದ ಹೆಸರು ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು, ಪಠ್ಯಪುಸ್ತಕಗಳ ಅನುವಾದವೂ ನಡೆಯಿತು. ಕನ್ನಡದಲ್ಲಿ ಸೇರುವವರು ಮಾತ್ರ ತೀರಾ ವಿರಳ. ಇದರಲ್ಲಿ ಅಚ್ಚರಿಯಿಲ್ಲ. ಕಲಿಕೆ ಕನ್ನಡದಲ್ಲಿ ನಡೆದರೂ ಉದ್ಯೋಗದ ಬಾಗಿಲಲ್ಲಿ ಇಂಗ್ಲಿಷ್ ಭಾಷಣವನ್ನೇ ಕೇಳುತ್ತಾರೆ ಎಂದು ಗೊತ್ತಿರುವಾಗ ಯಾವ ಮನೆಯವರು ಆ ಧೈರ್ಯ ಮಾಡಿಯಾರು? ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5ರ ಮೀಸಲಾತಿ ಇದೆ, ಅದರಿಂದ ಸೀಟು ಸಿಕ್ಕವರು ಮೊದಲ ಸೆಮಿಸ್ಟರಿನಲ್ಲಿಯೇ ಇಂಗ್ಲಿಷ್ ಪಾಠಗಳ ಪ್ರವಾಹಕ್ಕೆ ಸಿಲುಕುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷ ಇಂಗ್ಲಿಷ್ ಸಂವಹನಕ್ಕೆ 1 ಕ್ರೆಡಿಟ್, ವೃತ್ತಿಪರ ಬರವಣಿಗೆಗೆ 1 ಕ್ರೆಡಿಟ್ ಇದ್ದವು. ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಎಂಬ ಪತ್ರಿಕೆಗಳಿದ್ದವು. ಕನ್ನಡ ಬಲ್ಲ ಭಾವೀ ಎಂಜಿನಿಯರನಿಗೆ ತನ್ನ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವ, ಹೇಳುವ ಅಭ್ಯಾಸವನ್ನೇ ಮುಖ್ಯವಾಗಿ ಮಾಡಿಸುವ ಪತ್ರಿಕೆಯೊಂದು ಅಲ್ಲಿರಬೇಕಿತ್ತು. ನಾಳೆ ಅವನು ಕಟ್ಟಡದ ಮೇಸ್ತ್ರಿಗೆ, ಬೋರ್‌ವೆಲ್ ಹಾಕಿಸುವ ರೈತನಿಗೆ, ಯಂತ್ರ ನಡೆಸುವ ಕಾರ್ಮಿಕನಿಗೆ ಅಪಾಯದ ಸೂಚನೆಯನ್ನು ತಿಳಿಸಬೇಕಾದವನು.

ಹೊರದೇಶಕ್ಕೆ ಹೋಗುವವರ ವಿಷಯದಲ್ಲಿ ಅಳತೆ ಸ್ಪಷ್ಟವಾಗಿರುವುದರಿಂದ ಕಲಿಕೆಯೂ ಸ್ಪಷ್ಟವಾಗಿದೆ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ (ಆರು ಹಂತಗಳಲ್ಲಿ ನಾಲ್ಕನೆಯದು) ತಲುಪಿರಬೇಕು. ಆ ಮಟ್ಟದವರು ಏನನ್ನು ಓದಬಲ್ಲರು, ಏನನ್ನು ಹೇಳಬಲ್ಲರು ಎಂಬುದನ್ನು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಚೌಕಟ್ಟು ವಿವರವಾಗಿ ಹೇಳುತ್ತದೆ. ಜರ್ಮನ್ ಗೊತ್ತೇ ಇಲ್ಲದ ನಮ್ಮ ಹೆಣ್ಣುಮಕ್ಕಳು ಸೊನ್ನೆಯಿಂದ ಆರಂಭಿಸಿ ಆ ಮಟ್ಟವನ್ನು ತಲುಪುತ್ತಾರೆ. ಹತ್ತು ವರ್ಷ ಇಂಗ್ಲಿಷ್ ಕಲಿತೂ ಮಾತನಾಡಲಾಗದವರು ಮತ್ತು ಇವರು ಒಂದೇ ಶಾಲೆಗಳಿಂದ ಬಂದವರು. ಬುದ್ಧಿಶಕ್ತಿಯ ವ್ಯತ್ಯಾಸ ಇದಕ್ಕೆ ಕಾರಣವಲ್ಲ. ಏನು ಬರಬೇಕೆಂದು ಮೊದಲೇ ಬರೆದಿಟ್ಟು, ಅದನ್ನೇ ಕಲಿಸಿ, ಮಾತನಾಡಿಸಿಯೇ ಪರೀಕ್ಷಿಸುವ ಕ್ರಮ ಕಾರಣ.

ಅಂಥದೇ ಕ್ರಮವನ್ನು ನಮ್ಮ ಹುದ್ದೆಗಳಿಗೂ ತರಬಹುದು. ಪಾಲಿಟೆಕ್ನಿಕ್ಕಿಗೆ ಸಂದರ್ಶನಕ್ಕಾಗಿ ಬರುವ ಕಂಪನಿಗಳವರಿಗೆ ನಾನು ಈಗ ಮಾಡುವ ವಿನಂತಿ ಇಷ್ಟು. ಆ ಹುದ್ದೆಯಲ್ಲಿ ಯಾವ ಭಾಷೆಯಲ್ಲಿ ಏನನ್ನು ಓದಬೇಕು, ಯಾರಿಗೆ ಏನನ್ನು ಬರೆಯಬೇಕು, ಯಾರೊಡನೆ ಏನನ್ನು ಮಾತನಾಡಬೇಕು ಎಂಬುದನ್ನು ಮುಂಚಿತವಾಗಿ ಒಂದು ಹಾಳೆಯಲ್ಲಿ ಬರೆದುಕೊಡಿ. ಸಂದರ್ಶನದಲ್ಲಿ ಸ್ವಪರಿಚಯದ ಬದಲು ಒಂದು ಡ್ರಾಯಿಂಗ್ ಅಥವಾ ಕೆಟ್ಟುಹೋದ ಒಂದು ಬಿಡಿಭಾಗವನ್ನು ಮುಂದಿಡಿ. ಅದು ಏನು, ಹೇಗೆ ಕೆಟ್ಟಿರಬಹುದು, ನೀನಾದರೆ ಮೊದಲು ಏನನ್ನು ಪರೀಕ್ಷಿಸುತ್ತೀಯೆ ಎಂದು ವಿದ್ಯಾರ್ಥಿಗೆ ಒಗ್ಗುವ ಭಾಷೆಯಲ್ಲಿ ಕೇಳಿ. ಆಮೇಲೆ ಅದೇ ಡ್ರಾಯಿಂಗಿನ ಇಂಗ್ಲಿಷ್ ಟಿಪ್ಪಣಿಗಳನ್ನು ಓದಿಸಿ ಅರ್ಥ ಹೇಳಿಸಿ, ಮೂರು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ವರದಿ ಬರೆಸಿ. ಹೆಚ್ಚಿನ ಇಂಗ್ಲಿಷ್ ಬೇಕಾದ ಹುದ್ದೆಗೆ ಹೆಚ್ಚಿನದನ್ನು ಕೇಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕೆಲವು ಕಂಪನಿಗಳವರು ಈ ವಿನಂತಿಗೆ ಕಿವಿಗೊಟ್ಟಿದ್ದಾರೆ, ಹಲವರು ಮುಖ್ಯ ಕಚೇರಿಯ ನಿಯಮವೆಂದು ಕೈಚೆಲ್ಲಿದ್ದಾರೆ.

ಕಾಲೇಜಿನೊಳಗೆ ಆಗಬೇಕಾದದ್ದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪ್ರತಿ ಪ್ರಾಯೋಗಿಕ ಪರೀಕ್ಷೆಯ ಕೊನೆಯಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಇದೆ, ಅದಕ್ಕೆ ಅಂಕಗಳಿವೆ. ಈಗ ಅಲ್ಲಿ ನಡೆಯುವುದು ವ್ಯಾಖ್ಯೆಗಳನ್ನು ಒಪ್ಪಿಸುವ ಕೆಲಸ. ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ವಿದ್ಯಾರ್ಥಿ ನೆನಪಾದಷ್ಟನ್ನು ಹೇಳಿ ನಿಲ್ಲಿಸುತ್ತಾನೆ, ಮುಂದಿನವನನ್ನು ಕರೆಯುತ್ತಾರೆ. ಆ ಕೆಲವು ನಿಮಿಷಗಳಲ್ಲಿ ‘ನೀನು ಇವತ್ತು ಮಾಡಿದ ಪ್ರಯೋಗವನ್ನು ನಾನು ನೋಡಿಲ್ಲ, ಮೊದಲಿನಿಂದ ಹೇಳು’ ಎಂದು ಕೇಳಿ, ಮೊದಲ ವರ್ಷ ಕನ್ನಡದಲ್ಲಿ, ಎರಡನೆಯ ವರ್ಷ ಎರಡೂ ಭಾಷೆಗಳಲ್ಲಿ, ಮೂರನೆಯ ವರ್ಷ ಇಂಗ್ಲಿಷಿನಲ್ಲಿ ಹೇಳಿಸುತ್ತ ಹೋದರೆ, ವಿದ್ಯಾರ್ಥಿಗಳು ಅದಕ್ಕೆ ತಕ್ಕಂತೆ ತಯಾರಾಗುತ್ತಾರೆ. ಅಂಕ ಎಲ್ಲಿದೆಯೋ ಅಲ್ಲಿ ಶ್ರಮ ಹಾಕುವುದನ್ನು ನಾವೇ ಅವರಿಗೆ ಕಲಿಸಿದ್ದೇವೆ. ನಮ್ಮ ವಿಭಾಗದ ಆಂತರಿಕ ಪರೀಕ್ಷೆಗಳಲ್ಲಿ ಇದನ್ನು ಆರಂಭಿಸಿದ್ದೇವೆ. ಹೊರಗಿನ ಪರೀಕ್ಷಕರು ಬಂದಾಗಲೂ ಇದೇ ಕ್ರಮ ನಡೆಯಬೇಕಾದರೆ ಬೇರೆ ಪಾಲಿಟೆಕ್ನಿಕ್ಕುಗಳ ಅಧ್ಯಾಪಕ ಮಿತ್ರರೂ ಜೊತೆಗೂಡಬೇಕು. ಈ ಬರಹವನ್ನು ಓದುತ್ತಿರುವ ಅಂಥವರು ತಮ್ಮ ಲ್ಯಾಬುಗಳಲ್ಲಿ ಬಳಸುವ ಪ್ರಶ್ನೆಗಳನ್ನು ನನಗೆ ಬರೆದು ಕಳಿಸಿದರೆ ಎಲ್ಲವನ್ನೂ ಒಟ್ಟುಗೂಡಿಸಿ, ವಿಷಯವಾರು ಜೋಡಿಸಿ, ಎರಡೂ ಭಾಷೆಗಳಲ್ಲಿ ಎಲ್ಲರಿಗೂ ಸಿಗುವಂತೆ ಹಂಚುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.